ಏರೇಟರ್ ಹಾಕಿಸಿದರೆ ನಿಜಕ್ಕೂ ನೀರು ಉಳಿಯುತ್ತಾ?

ಜಲಮಂಡಳಿ 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್, ಹೋಟೆಲ್‌ಗಳಿಗೆ ಕಡ್ಡಾಯ ಮಾಡಿದ ಏರೇಟರ್ (ನಲ್ಲಿ ತುದಿಗೆ ಹಾಕುವ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ) ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಆದರೆ ಎಲ್ಲಾ ನಲ್ಲಿಯಲ್ಲೂ ಒಂದೇ ಲಾಭ ಇಲ್ಲ. ಬಕೆಟ್ ತುಂಬಿಸುವ ನಲ್ಲಿಯಲ್ಲಿ ಏನೂ ಉಳಿಯುವುದಿಲ್ಲ, ತುಂಬಲು ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೆ. ಕೈ ತೊಳೆಯುವ ಬೇಸಿನ್, ಅಡುಗೆಮನೆ ಸಿಂಕ್‌ಗೆ ಮೊದಲು ಹಾಕಿಸಿ. ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟೇ ಇರುತ್ತೇವೆ ಅಲ್ವಾ?

ಕರೆಂಟೂ ಉಳಿಯುತ್ತದೆ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಆಗಿ ಮೇಲೇರಿ ಬರುತ್ತದೆ.

ನಿಮ್ಮದು ಬೋರ್‌ವೆಲ್ ನೀರಾದರೆ ಜಾಲರಿಗೆ ಬಿಳಿ ಸುಣ್ಣ ಕಟ್ಟಬಹುದು. ಧಾರೆ ಸಣ್ಣಗಾದ ಕೂಡಲೇ ಬಿಚ್ಚಿ, ವಿನೆಗರ್‌ನಲ್ಲಿ ನೆನೆಸಿಟ್ಟು, ಹಳೇ ಬ್ರಷ್‌ನಲ್ಲಿ ಉಜ್ಜಿ. ಕಿತ್ತು ಮಾತ್ರ ಬಿಸಾಕಬೇಡಿ, ದಯವಿಟ್ಟು.