ಹಾಯಿದೋಣಿಯ ಚುಕ್ಕಾಣಿ ಚಕ್ರವನ್ನು ಹೊತ್ತ ಕಂಬ ಅಲುಗಾಡುತ್ತಿದೆ, ಸುತ್ತಲಿನ ನೆಲ ಮೆತ್ತಗಾಗಿದೆ. ಬೋಲ್ಟ್ ಬಿಗಿದರೆ ಸಾಕೇ?

ಸಾಲದು, ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಕಾಕ್‌ಪಿಟ್ಟಿನ, ಅಂದರೆ ದೋಣಿ ನಡೆಸುವವರು ಇರುವ ತಗ್ಗಿನ, ನೆಲವನ್ನು ಬಹುಪಾಲು ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನಿಟ್ಟು ಮಾಡಿರುತ್ತಾರೆ. ಬೋಲ್ಟ್ ರಂಧ್ರಗಳಿಂದ ನೀರಿಳಿದು ಆ ಮರ ಕೊಳೆಯುತ್ತದೆ. ಬಿಗಿದಷ್ಟೂ ಅದು ಇನ್ನಷ್ಟು ಕುಗ್ಗುತ್ತದೆ.

ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ನೆಲವನ್ನು ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಎನ್ನುತ್ತದೆ, ಕೊಳೆತದ್ದು ದಬ್ ಎಂದು ಸುಮ್ಮನಾಗುತ್ತದೆ. ಪೆನ್ಸಿಲ್‌ನಿಂದ ಗಡಿ ಗುರುತಿಸಿ, ಚುಕ್ಕಾಣಿಯ ತಂತಿಗಳನ್ನು ಬಿಚ್ಚಿ ಕಂಬವನ್ನು ತೆಗೆಯಿರಿ. ಮೇಲಿನ ಪದರವನ್ನು ಕೊಯ್ದು ಜೋಪಾನವಾಗಿಡಿ, ಅದನ್ನೇ ಮರಳಿ ಕೂರಿಸಬಹುದು. ಒಳಗೆ ಕಪ್ಪಾದ ಒದ್ದೆ ಮರವನ್ನು, ತಿಳಿ ಬಣ್ಣದ ಒಣ ಮರ ಸಿಗುವವರೆಗೂ ಕೆರೆದು ತೆಗೆಯಿರಿ. ಪೂರ್ತಿ ಒಣಗುವವರೆಗೆ ಕಾಯಿರಿ. ಇಲ್ಲಿ ಅವಸರಪಟ್ಟರೆ ಎಲ್ಲ ಶ್ರಮವೂ ವ್ಯರ್ಥ.

ಕಂಬದ ಅಡಿಯಲ್ಲಿ ಮತ್ತೆ ಬಾಲ್ಸಾ ಬೇಡ. ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಮತ್ತು ಗ್ಲಾಸ್ ಬಟ್ಟೆಯಿಂದ ಮಾಡಿದ ಗಟ್ಟಿ ಹಲಗೆಯನ್ನೇ ಎಪಾಕ್ಸಿಯಲ್ಲಿ ಕೂರಿಸಿ, ಅದು ಬೋಲ್ಟಿನ ಒತ್ತಡಕ್ಕೆ ಕುಗ್ಗುವುದಿಲ್ಲ. ಮೇಲಿನ ಪದರವನ್ನು ಮರಳಿ ಅಂಟಿಸಿ, ಅದರ ಕೊಯ್ದ ಅಂಚುಗಳನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅಂದರೆ 3 ಮಿಲಿಮೀಟರ್ ಪದರಕ್ಕೆ 36 ಮಿಲಿಮೀಟರ್, ಅದರ ಮೇಲೆ ಗ್ಲಾಸ್ ಬಟ್ಟೆಯನ್ನು ಹಾಸಿ. ನೆಲದ ಅಡಿಯಿಂದ ಅಗಲವಾದ ತಟ್ಟೆಯನ್ನು ಕೊಟ್ಟು ಬೋಲ್ಟ್ ಬಿಗಿಯಿರಿ. ರಂಧ್ರಗಳ ಸುತ್ತ ನೀರಿಳಿಯದಂತೆ ಬ್ಯೂಟೈಲ್ ಎಂಬ ರಬ್ಬರಿನಂಥ ಅಂಟು ಹಚ್ಚಿ.

ಹೊರಡುವ ಮುನ್ನ ತಂತಿಗಳ ಬಿಗಿತವನ್ನು ಸರಿಪಡಿಸಿ, ಚಕ್ರವನ್ನು ಎರಡೂ ತುದಿಗೆ ತಿರುಗಿಸಿ ನೋಡಿ.