ಲೆಕ್ಕ ನೆನಪಿದೆ, ಬರೆದದ್ದು ನೆನಪಿಲ್ಲ

ಮೊದಲೆಲ್ಲ ಅಪ್ಪ-ಅಮ್ಮ ಮಕ್ಕಳನ್ನು ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದು “ಇವನ ಫೋನ್ ಹುಚ್ಚು ಬಿಡಿಸಿ” ಎನ್ನುತ್ತಿದ್ದರು. ಈಗ ಮಕ್ಕಳೇ ಅಪ್ಪ-ಅಮ್ಮನನ್ನು ಕರೆತರುತ್ತಾರೆ. ಹೀಗೆ ಬರುವ ಹಿರಿಯರಲ್ಲಿ ಕೆಲವರದು ನೋಡುವ ಚಟವಲ್ಲ, ಅವರು ಬರೆಯುವವರು. ಅವರಿಗೆ “ಆ್ಯಪ್ ತೆಗೆದುಹಾಕಿ” ಎಂಬ ಸಿದ್ಧ ಸಲಹೆ ಕೊಡುವುದು ತಪ್ಪು ಎಂದು ನಾನು ನಂಬುತ್ತೇನೆ. ಈ ಪ್ರಕರಣ ಬರೆಯಲು ಅದೇ ಕಾರಣ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮುಂಬೈ ಬಳಿಯ ಡೊಂಬಿವಲಿಯ ಗೃಹಸ್ಥರು, ಅರುವತ್ತು ದಾಟಿದವರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಲೆಕ್ಕಪತ್ರ ಬರೆಯುವ ಕೆಲಸದಿಂದ ನಿವೃತ್ತರಾದವರು. ಆ ದಿನಗಳ ನೆನಪುಗಳನ್ನು ಜಾಲತಾಣವೊಂದರಲ್ಲಿ ಬರೆಯುತ್ತಿದ್ದರು. ರಾತ್ರಿ 2ಕ್ಕೂ 4ಕ್ಕೂ ಎದ್ದು ಎಷ್ಟು ಮೆಚ್ಚುಗೆ ಬಂತು ಎಂದು ನೋಡುವುದು ರೂಢಿಯಾಗಿತ್ತು. ಯಾರದೋ ಮಾತು ಕೇಳಿ ಹದಿನೈದು ದಿನ ಫೋನ್ ಬಿಡಲು ಹೊರಟು, ಒಂಬತ್ತನೆಯ ದಿನಕ್ಕೆ ಮನೆಯವರ ಜೊತೆ ಮಾತನ್ನೇ ಬಿಟ್ಟಿದ್ದರು. ವೈದ್ಯರ ತಪಾಸಣೆ ಆಗಿತ್ತು, ಬೇರೆ ಕಾಯಿಲೆ ಇರಲಿಲ್ಲ.

ಮೂರನೆಯ ಭೇಟಿಯಲ್ಲಿ ಒಂದು ಸಣ್ಣ ಕೆಲಸ ಕೊಟ್ಟೆ: “ನಿಮಗೆ ತುಂಬಾ ಇಷ್ಟವಾದ ನಿಮ್ಮದೇ ಬರಹ ತೆಗೆದು ಓದಿ.” ರಾತ್ರಿ ಶಾಲೆಯ ಮೇಷ್ಟ್ರ ಬಗ್ಗೆ ಬರೆದದ್ದು ಎಂದರು. ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋದರು. ಯಾರದೋ ಮದುವೆ, ಯಾವುದೋ ಜಗಳ, ಪ್ರೆಷರ್ ಕುಕ್ಕರಿನ ಜಾಹೀರಾತು. ನಡುವೆ ಎರಡು ಸಲ ಕೈ ತಾನಾಗಿ, ಹೊಸ ಮೆಚ್ಚುಗೆ ಬಂದರೆ ತಿಳಿಸುವ ಗಂಟೆಯ ಗುರುತು ಒತ್ತಿತು. ಹನ್ನೊಂದು ನಿಮಿಷ ಕಳೆದರೂ ಬರಹ ಸಿಗಲಿಲ್ಲ. “214 ಲೈಕ್ ಇತ್ತು” ಎಂದರು. ಮೊದಲ ಸಾಲು ಹೇಗಿತ್ತು ಎಂದು ಕೇಳಿದೆ. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದರು.

“ಎಷ್ಟ್ ಜನ ಕಂಡ್ರ್ ಅಂದೇಳಿ ಹೇಳ್ತೆ. ಎಂತ ಬರ್ದದ್ದ್ ಅಂದೇಳಿ ನೆನಪಿಲ್ಲೆ.”

ಉಳಿದ ಹೊತ್ತೆಲ್ಲ ಈ ಮಾತಿನ ಸುತ್ತಲೇ ಹೋಯಿತು. ಹಿಂದೆ ಇನ್ನೊಂದು ಜಾಲತಾಣವಾದ ಆರ್ಕುಟ್‌ನಲ್ಲೂ ಬರೆದಿದ್ದರಂತೆ. ಅದು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಇವರು ಪ್ರತಿ ಇಟ್ಟುಕೊಂಡಿರಲಿಲ್ಲ. ದಿನವಹಿ ಪುಸ್ತಕವನ್ನು ಒಂದು ಪೈಸೆ ತಪ್ಪದಂತೆ ಬರೆದ ಮನುಷ್ಯನಿಗೆ ಸ್ವಂತ ಬದುಕಿನ ಬರಹ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಮಕ್ಕಳು ಬೈಯುವುದು ಅನ್ಯಾಯ. ಬಹುಮಾನ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ಪ್ರಾಣಿ ಗುಂಡಿ ಒತ್ತುವುದನ್ನು ಬಿಡುವುದೇ ಕಷ್ಟ ಎಂದು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೂ ಮೊದಲೇ, 2006ರಲ್ಲಿ, ತಳವಿಲ್ಲದೆ ಉರುಳುವ ಪುಟವನ್ನು ವಿನ್ಯಾಸಕ ಏಝಾ ರಾಸ್ಕಿನ್ ರೂಪಿಸಿದ್ದರು. ತಳವಿಲ್ಲದ ಪುಟದಲ್ಲಿ ನಿಲ್ಲುವ ಜಾಗವೇ ಇಲ್ಲ. ಅದರಲ್ಲಿ ನಮ್ಮ ಬರಹಕ್ಕೂ ಇಡುವ ಜಾಗವಿಲ್ಲ.

ಹಾಗಾದರೆ ಬಿಟ್ಟುಬಿಡಲಿ ಎಂದು ಏಕೆ ಹೇಳಲಿಲ್ಲ? ಸಹೋದ್ಯೋಗಿಗಳೂ ಕೇಳಿದ್ದಾರೆ. ಡೊಂಬಿವಲಿಯಲ್ಲಿ ಮೆಟ್ಟಿಲಿಳಿದರೆ ಮರಾಠಿ, ಲೋಕಲ್ ರೈಲು ಹತ್ತಿದರೆ ಹಿಂದಿ, ಮೊಮ್ಮಕ್ಕಳ ಜೊತೆ ಇಂಗ್ಲಿಷ್. ಇವರ ಕನ್ನಡ ಓದುವವರೆಲ್ಲ ಆ ಫೋನಿನೊಳಗಿದ್ದರು. ಅದನ್ನು ಕಿತ್ತುಕೊಂಡರೆ ಎರಡನೆಯ ಸಲ ಊರು ಬಿಡಿಸಿದಂತೆ. ಒಂಬತ್ತನೆಯ ದಿನದ ಮೌನಕ್ಕೆ ಅದೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಇಂಟರ್‌ನೆಟ್ ಬಿಡಬೇಡಿ, ಅದರಲ್ಲಿ ಒಂದು ಸ್ವಂತ ಪುಟ ಮಾಡಿ ಎಂದೆ.

ಮೊದಲ ಷರತ್ತು, ಮಗಳು ಪಕ್ಕದಲ್ಲಿ ಕೂರಬಹುದು, ಕೀಲಿಮಣೆ ಮುಟ್ಟಬಾರದು. ಹಳೆಯ ಬರಹಗಳನ್ನು ತಾಣದ ಸೆಟ್ಟಿಂಗ್ಸ್‌ನಿಂದ ಇಳಿಸಿಕೊಳ್ಳಬಹುದು; ಎಚ್‌ಟಿಎಂಎಲ್ ರೂಪವನ್ನೇ (ಬ್ರೌಸರಿನಲ್ಲಿ ಪುಟವಾಗಿ ತೆರೆಯುವಂಥದ್ದು) ಆರಿಸಿ, ಏಕೆಂದರೆ ತಂತ್ರಾಂಶಗಳು ಓದಲೆಂದಿರುವ ಜೇಸನ್ ರೂಪದಲ್ಲಿ ಕನ್ನಡ ಅಕ್ಷರಗಳು ಕೆಟ್ಟು ಬರುವುದುಂಟು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತಗಳಿದ್ದರೆ ಮೊದಲು ಎಲ್ಲ ಸಾಧನಗಳಿಗೂ ತಿಳಿಯುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಬೇಕು, ಇಲ್ಲವಾದರೆ ಓದುಗರಿಗೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಬೇಕು.

ಶುರುವಿಗೆ ಒಂದೇ ಕಡತ ಸಾಕು, ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್. ಅದರ ತಲೆಭಾಗದಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದೂ ಭಾಷೆ ಕನ್ನಡವೆಂದೂ ನಮೂದಿಸಬೇಕು. ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಮರೆತರೆ ಮೊಬೈಲಿನಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.7ರಷ್ಟಿರಲಿ, ಕಡಿಮೆಯಾದರೆ ‘ಸ್ವಾತಂತ್ರ್ಯ’ದ ಒತ್ತುಗಳು ಕೆಳಗಿನ ಸಾಲಿನ ದೀರ್ಘ, ಗುಡಿಸುಗಳಿಗೆ ತಾಗುತ್ತವೆ. ಫೋನಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 200 ಕೆಬಿ ಆಸುಪಾಸಿಗೆ ಬರುತ್ತದೆ.

ಇಡಲು ಗಿಟ್‌ಹಬ್ ಪೇಜಸ್ ಎಂಬ, ಪುಟಗಳನ್ನು ಜಾಲದಲ್ಲಿ ಇಟ್ಟುಕೊಡುವ ಸೇವೆ ಸಾಕು, ಹಣ ಬೇಡ. ಎರಡು ಎಚ್ಚರ. ಉಚಿತ ಖಾತೆಯಲ್ಲಿ ಪುಟದ ಕಡತಗಳೆಲ್ಲ ಸಾರ್ವಜನಿಕ, ಅರ್ಧ ಬರೆದ ಕರಡು ಹಾಕಿದರೂ ಯಾರು ಬೇಕಾದರೂ ನೋಡಬಹುದು. ಅಲ್ಲದೆ ಹೊಸತು ಕಾಣಿಸಿಕೊಳ್ಳಲು ಹತ್ತು ನಿಮಿಷದವರೆಗೆ ಹಿಡಿಯಬಹುದು. ಇವರು ಗಾಬರಿಯಾಗಿ ಒಂದೇ ಕಡತವನ್ನು ಐದು ಸಲ ಏರಿಸಿದರು. ಫೋಟೊ ಕಾಣದಿದ್ದದ್ದಕ್ಕೆ ಕಾರಣ ಬೇರೆಯೇ: ಕಡತದ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರವಿತ್ತು, ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದಿದ್ದರು. ಮನೆಯ ವಿಂಡೋಸ್ ಕಂಪ್ಯೂಟರಿಗೆ ಎರಡೂ ಒಂದೇ, ಪುಟ ಇಟ್ಟಿರುವ ಸರ್ವರ್ ಕಂಪ್ಯೂಟರಿಗೆ ಅಲ್ಲ.

ಪುಟಕ್ಕೆ ಸ್ವಂತ ವಿಳಾಸ (ಡೊಮೈನ್ ಹೆಸರು) ಕೊಳ್ಳುವುದಕ್ಕೆ ಆರು ತಿಂಗಳು ಕಾಯಿರಿ ಎಂದೆ. ಕೊಂಡಾಗ ನಿಮ್ಮದೇ ಇಮೇಲಿನಲ್ಲಿ ಕೊಳ್ಳಿ. ಅಣ್ಣನ ಮಗ ತನ್ನ ಖಾತೆಯಲ್ಲಿ ಮಾಡಿಕೊಟ್ಟು, ಮುಂದಿನ ವರ್ಷ ನವೀಕರಿಸಲು ಮರೆತು, ವಿಳಾಸ ಬೇರೆಯವರ ಪಾಲಾಗುವುದು ಹೊಸತೇನಲ್ಲ. ಹಳೆಯ ಶಾಲಾ ಪ್ರಮಾಣಪತ್ರದ ಫೋಟೊ ಹಾಕಲು ಇವರಿಗೆ ತುಂಬಾ ಆಸೆಯಿತ್ತು. ಹುಟ್ಟಿದ ದಿನಾಂಕ, ಸಹಿ ಮುಚ್ಚಿದ ಮೇಲೆ ಹಾಕಿಸಿದೆ.

ತಾಂತ್ರಿಕ ಕೆಲಸಕ್ಕಿಂತ ನಾನು ಹೆಚ್ಚು ಹಠ ಹಿಡಿದದ್ದು ಒಂದು ವಿಷಯಕ್ಕೆ: ಎಣಿಸುವ ಯಂತ್ರ ಕೂಡದು. ಸಂದರ್ಶಕರ ಸಂಖ್ಯೆ ಬೇಡ, ಪ್ರತಿಕ್ರಿಯೆಯ ಪೆಟ್ಟಿಗೆ ಬೇಡ. ಕೆಳಗೆ ಒಂದು ಇಮೇಲ್ ವಿಳಾಸ, ಅದೂ ಇದಕ್ಕೆಂದೇ ತೆರೆದದ್ದು, ಏಕೆಂದರೆ ಅದಕ್ಕೆ ಬೇಡದ ಮೇಲ್ ಬಂದೇ ಬರುತ್ತದೆ. ಗುರುವಾರಕ್ಕೊಂದು ಬರಹ. ಕೊಂಡಿಯನ್ನು ಗುಂಪಿಗಲ್ಲ, ಹೆಸರು ಹಿಡಿದು ಮೂವರಿಗೆ ಕಳಿಸುವುದು. “ಹೇಗಿದೆ?” ಎಂದು ಕೇಳುವಂತಿಲ್ಲ.

ಕಠಿಣ ಎನಿಸಬಹುದು. ಆದರೆ ಸ್ವಂತ ಪುಟವೇ ಔಷಧಿ ಎಂದು ನಾನು ಹೇಳುತ್ತಿಲ್ಲ. ಎಣಿಕೆಯನ್ನು ಜೊತೆಗೆ ಹೊತ್ತು ತಂದರೆ ಹಳೆಯ ಕಾಯಿಲೆ ಹೊಸ ಜಾಗದಲ್ಲಿ ಶುರುವಾಗುತ್ತದೆ. ಮೂರನೆಯ ವಾರ ನಿದ್ದೆಯ ದಿನಚರಿಯಲ್ಲಿ ಮತ್ತೆ 2 ಗಂಟೆ ಕಾಣಿಸಿತು. ಕೇಳಿದಾಗ ತಲೆ ತಗ್ಗಿಸಿದರು: ಯಾವುದೋ ಉಚಿತ ಕೌಂಟರ್ ಅಂಟಿಸಿದ್ದರು, ಅದು 17 ತೋರಿಸುತ್ತಿತ್ತು. ಅದರಲ್ಲಿ ಎಷ್ಟು ಸಲ ನೀವೇ ತೆರೆದದ್ದು ಎಂದೆ. ಅಲ್ಲೇ ಕೂತು ತೆಗೆದರು. ಆಮೇಲಿನ ಎರಡು ತಿಂಗಳು ಒಂದೂ ಪತ್ರವಿಲ್ಲ, ತುಂಬಾ ಕಷ್ಟದ ದಿನಗಳವು. ಆಗ ವಾರಕ್ಕೊಮ್ಮೆ ಬರಲು ಹೇಳಿದೆ, ಬಂದಾಗ ಆ ವಾರದ ಬರಹವನ್ನು ಗಟ್ಟಿಯಾಗಿ ಓದಿಸಿದೆ.

ಖಿನ್ನತೆ ಇರುವವರಿಗೆ, ಬದುಕೇ ಬೇಡವೆನ್ನುವವರಿಗೆ ಇದು ಚಿಕಿತ್ಸೆಯಲ್ಲ. ಅವರು ಮನೋವೈದ್ಯರನ್ನು ಕಾಣಲೇಬೇಕು. ಬರೆಯುವ ತುಡಿತವಿಲ್ಲದವರಿಗೂ ನಾನು ಇದನ್ನು ಹೇಳುವುದಿಲ್ಲ.

ಐದನೆಯ ತಿಂಗಳು ಬಂದಾಗ ಕೈಯಲ್ಲಿ ಮುದ್ರಿಸಿದ ಒಂದು ಹಾಳೆಯಿತ್ತು. ಮೇಷ್ಟ್ರ ಬರಹವೇ, ಹೊಸದಾಗಿ ಬರೆದದ್ದು. ಶಾಲೆಯ ಗಂಟೆ ಏಳೂವರೆಗೆ ಎಂದು ಬರೆದಿದ್ದರಂತೆ. ಹಿಂದಿನ ರಾತ್ರಿ ಊಟ ಮಾಡುವಾಗ ನೆನಪಾಯಿತು, ಅದು ಎಂಟಕ್ಕೆ, ಹೋಟೆಲಿನಲ್ಲಿ ಕೊನೆಯ ಪಾತ್ರೆ ಕವುಚಿಟ್ಟ ಮೇಲೆ. ಎದ್ದು ಪುಟ ತೆರೆದು ಸಮಯ ಸರಿಪಡಿಸಿ, ಅಡಿಯಲ್ಲಿ ‘ತಿದ್ದಿದ್ದು’ ಎಂದು ಬರೆದು ತಾರೀಕು ಹಾಕಿದ್ದರು.