ದೋಣಿ ಒಂದು, ಟ್ರೇಲರ್ ಇನ್ನೊಂದರದು

ಪ್ರಶ್ನೆ: ಸರ್, ಶರಾವತಿ ಹಿನ್ನೀರಿನಲ್ಲಿ ಮೀನು ಹಿಡಿಯಲು 14 ಅಡಿಯ ಹಳೇ ಫೈಬರ್ ದೋಣಿ ಕೊಂಡೆ. ಜೊತೆಗೆ ಬಂದ ಟ್ರೇಲರ್ ಬೇರೆ ದೋಣಿಯದು. ದೋಣಿ ಇಂಜಿನ್ ಕಡೆ ಒಂದೂವರೆ ಅಡಿ ಟ್ರೇಲರಿನಿಂದ ಹೊರಗೆ ಚಾಚಿಕೊಂಡಿದೆ. ಜೀಪಿಗೆ ಕಟ್ಟಿಕೊಂಡು ಹೊರಟರೆ ಹಿಂದೆ ಹಾವಿನ ಹಾಗೆ ಹೊರಳಾಡುತ್ತದೆ. ದೋಣಿಯ ತಳದಲ್ಲಿ ಸಣ್ಣ ಬಿರುಕೂ ಕಾಣಿಸಿದೆ. ವೆಲ್ಡಿಂಗ್ ಶಾಪಿನವರು ಹೊಸ ಟ್ರೇಲರ್ ಮಾಡಿಸಿ ಅಂತಾರೆ. ಮಾಡಿಸಲೇಬೇಕಾ?
– ಓದುಗರು, ಸಾಗರ

ಉತ್ತರ: ಟ್ರೇಲರಿನ ಚಾಸಿ ಗಟ್ಟಿ ಇದ್ದರೆ ಬೇಡ. ಸ್ಪ್ಯಾನರ್ ಹಿಡಿದು ಒಂದು ದಿನ ಕೂತರೆ ಆಗುವ ಕೆಲಸ ಇದು.

ನಿಮ್ಮ ದೊಡ್ಡ ತೊಂದರೆ ಆ ಒಂದೂವರೆ ಅಡಿ. ದೋಣಿಯಲ್ಲಿ ಭಾರ ಇರುವುದೇ ಇಂಜಿನ್ ತೂಗುಹಾಕುವ ಹಿಂದಿನ ಹಲಗೆಯ ಹತ್ತಿರ. ಅದರ ಕೆಳಗೆ ಆಸರೆ ಇಲ್ಲದಿದ್ದರೆ ತಳ ದಿನಾ ಸ್ವಲ್ಪ ಸ್ವಲ್ಪ ಕೆಳಕ್ಕೆ ಬಾಗುತ್ತದೆ, ಆಮೇಲೆ ನೀರಿಗೆ ಇಳಿಸಿದರೆ ದೋಣಿ ಮೂತಿ ತಗ್ಗಿಸಿಕೊಂಡೇ ಓಡುತ್ತದೆ. ಆದ್ದರಿಂದ ಮೊದಲು ಟ್ರೇಲರಿನ ಮುಂದೆ ದೋಣಿ ಎಳೆಯುವ ರಾಟೆ ಇರುವ ವಿಂಚ್ ಕಂಬದ ಯು ಬೋಲ್ಟ್ ಸಡಿಲಿಸಿ ಕಂಬವನ್ನು ಜೀಪಿನ ಕಡೆ ಸರಿಸಿ, ದೋಣಿಯನ್ನು ಮುಂದಕ್ಕೆ ಎಳೆಯಿರಿ. ಹಿಂದಿನ ಹಲಗೆ ಟ್ರೇಲರಿನಲ್ಲಿ ದೋಣಿಗೆ ಆಸರೆಯಾಗುವ ಮರದ ಪಟ್ಟಿಗಳ ತುದಿಗೆ ಸರಿಯಾಗಿ ಬಂದು ಕೂರಬೇಕು. ಅಷ್ಟು ಜಾಗ ಇಲ್ಲವೇ? ಹಾಗಾದರೆ ಉದ್ದದ ಪಟ್ಟಿ ಹಾಕಿಸಿ, ಅದರ ತುದಿಗೂ ಚಾಸಿಯ ಆಸರೆ ಇರಲಿ.

ಪಟ್ಟಿಯ ಓರೆ ನೋಡಿ. ದೋಣಿ ತಳದ ಇಳಿಜಾರಿಗೂ ಅದಕ್ಕೂ ಹೊಂದದಿದ್ದರೆ ಬರೀ ಅಂಚು ಮಾತ್ರ ತಗಲುತ್ತದೆ. ನಿಮ್ಮ ಬಿರುಕಿಗೂ ಬಹುಶಃ ಅದೇ ಕಾರಣ. ರಟ್ಟು ಕತ್ತರಿಸಿ ತಳದ ಆಕಾರ ತೆಗೆದುಕೊಂಡು ಅದರಂತೆ ಬ್ರಾಕೆಟ್ ತಿರುಗಿಸಿ. ದೋಣಿ ತಳದ ಮಧ್ಯದ ಏಣು ಟ್ರೇಲರಿನ ರೋಲರ್ ಮೇಲೆ ಕೂರಲಿ, ಅಡ್ಡ ಕಬ್ಬಿಣಕ್ಕೆ ಮಾತ್ರ ತಾಗಬಾರದು. ಪಟ್ಟಿಗೆ ಹಳೇ ಟೈರಿನ ರಬ್ಬರ್ ಹೊಡೆಯುವವರಿದ್ದಾರೆ, ಬೇಡ, ದೋಣಿ ಜಾರುವುದೇ ಇಲ್ಲ. ನಾರಿನ ಮ್ಯಾಟ್ ನೀರು, ಮರಳು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಿಂಥೆಟಿಕ್ ಕಾರ್ಪೆಟ್ ಸಾಕು. ಅದರ ಸ್ಕ್ರೂ ತಲೆ ಮೇಲಕ್ಕೆ ಎದ್ದಿರಬಾರದು, ಅಷ್ಟೇ.

ಇನ್ನು ಹೊರಳಾಟ. ಹಿಂದೆ ಭಾರ ಜಾಸ್ತಿ ಆಗಿ, ಜೀಪಿಗೆ ಕಟ್ಟುವ ಮೂಕಿ ಹಗುರಾದಾಗ ಹಾಗಾಗುತ್ತದೆ, ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ. ಇಂಜಿನ್, ಪೆಟ್ರೋಲ್, ಬಲೆ ಎಲ್ಲ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಜೀಪಿನ ಹುಕ್ಕಿನ ಎತ್ತರಕ್ಕೇ ಬರುವಂತೆ ಅಡಿಕೆ ತೂಗುವ ಯಂತ್ರದ ಮೇಲಿಡಿ. ಒಟ್ಟು ಭಾರದಲ್ಲಿ ನೂರಕ್ಕೆ 5ರಿಂದ 10 ಭಾಗ ಅಲ್ಲಿ ಬೀಳಬೇಕು. ದೋಣಿ, ಟ್ರೇಲರ್ ಎಲ್ಲ ಸೇರಿ 450 ಕೆಜಿ ಇದ್ದರೆ 23ರಿಂದ 45 ಕೆಜಿ. ಕಡಿಮೆ ಬಂದರೆ ಆಕ್ಸೆಲ್ ಹಿಂದಕ್ಕೆ, ಜಾಸ್ತಿ ಬಂದರೆ ಮುಂದಕ್ಕೆ. ದೋಣಿ ಸರಿಸಿದ ಮೇಲೆಯೇ ತೂಗಿ, ಮೊದಲೇ ತೂಗಿದರೆ ಎರಡು ಸಲ ಕೆಲಸ.

ಈ ಕೆಲಸವನ್ನು ಲಿಂಗನಮಕ್ಕಿ ಅಣೆಕಟ್ಟು ತನ್ನ ಪೂರ್ಣ ಮಟ್ಟವಾದ 1819 ಅಡಿಯ ಹತ್ತಿರ ತುಂಬಿರುವಾಗಲೇ ಮುಗಿಸಿಕೊಳ್ಳಿ. ಆಗ ದೋಣಿಯನ್ನು ತೇಲಿಸಿ, ಮತ್ತೆ ಟ್ರೇಲರಿಗೆ ಹತ್ತಿಸಿ ನೋಡುವುದು ಸುಲಭ. ಬೇಸಿಗೆಯಲ್ಲಿ ನೀರು ದೂರ ಸರಿದು ಕೆಸರು, ಮರದ ಬೊಡ್ಡೆಗಳ ಮಧ್ಯೆ ಜೀಪೇ ಹೂತುಹೋಗುತ್ತದೆ. ಬಿರುಕನ್ನು ಮಾತ್ರ ಫೈಬರ್ ಕೆಲಸದವರಿಗೆ ಮೊದಲೇ ತೋರಿಸಿ. ಬಡಿದಾಗ ಅಲ್ಲಿ ಡಬ್ ಡಬ್ ಎಂದು ಬೇರೆ ಸದ್ದು ಬಂದರೆ ಅದು ಬರೀ ಬಣ್ಣದ ಬಿರುಕಲ್ಲ.